ರೇಟು, ರೀಲ್ಸು, ಸ್ಟೇಟಸ್ಸು: ತಪ್ಪಿಹೋದೀತೆಂಬ ಭಯಕ್ಕೆ ಹತ್ತು ಸೂತ್ರ

2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ ಎಂಟು ಸಾವಿರದ ಆಸುಪಾಸಿಗೆ ಇಳಿದಿತ್ತು. ಕೇಂದ್ರದ ಬೆಂಬಲ ಬೆಲೆಯೇ ಆಗ 11,750 ರೂಪಾಯಿ. ಅಮ್ಮಸಂದ್ರ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ವಾಟ್ಸಾಪ್ ಗ್ರೂಪುಗಳ ತುಂಬ ಸಿಟ್ಟು. 2025ರ ನಡುವಿಗೆ ಅದೇ ಕೊಬ್ಬರಿ 25 ಸಾವಿರ ದಾಟಿತು. ಈಗಲಾದರೂ ನೆಮ್ಮದಿ ಬರಬೇಕಿತ್ತಲ್ಲ? ಬಂದದ್ದು ಬೇರೊಂದು ಸಂಕಟ. ಜನವರಿಯಲ್ಲೇ ಅಟ್ಟ ಖಾಲಿ ಮಾಡಿದವರು ಜೂನ್‌ನಲ್ಲಿ ಗ್ರೂಪಿಗೆ ಬಂದ ಹರಾಜಿನ ಚೀಟಿ ನೋಡಿ ಕೈ ಕೈ ಹಿಸುಕಿಕೊಂಡರು. ಜೂನ್‌ನಲ್ಲಿ ಮಾರಿದವರಿಗೂ ಸಮಾಧಾನವಿಲ್ಲ: ‘ಇನ್ನೂ ಏರ್ತದಂತೆ, ದುಡುಕಿಬಿಟ್ಟೆ ಕಣಣ್ಣ.’

ಅಂಥದೇ ಒಂದು ಮನೆಯ ಒಳಕೋಣೆಯಲ್ಲಿ ಪಿಯುಸಿ ಓದುವ ಹುಡುಗಿ ಗೆಳತಿಯರ ಚಿಕ್ಕಮಗಳೂರು ಟ್ರಿಪ್ಪಿನ ಸ್ಟೇಟಸ್ ನೋಡುತ್ತಾ ಮುಖ ಸಪ್ಪಗೆ ಮಾಡಿಕೊಂಡಿರುತ್ತಾಳೆ. ಅಪ್ಪನದು ರೇಟು, ಮಗಳದು ಟ್ರಿಪ್ಪು; ನೋವಿನ ಬೇರು ಒಂದೇ. ಎಲ್ಲರಿಗೂ ಸಿಕ್ಕಿದ್ದು ನನಗೊಬ್ಬನಿಗೆ ತಪ್ಪಿತು ಎಂಬ ಭಾವ. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಪ್ಯಾಟ್ರಿಕ್ ಮ್ಯಾಕ್‌ಗಿನ್ನಿಸ್ 2004ರಲ್ಲಿ ವಿದ್ಯಾರ್ಥಿ ಪತ್ರಿಕೆಯೊಂದರಲ್ಲಿ ಇದನ್ನು ‘ಫೋಮೋ’ (ಫಿಯರ್ ಆಫ್ ಮಿಸ್ಸಿಂಗ್ ಔಟ್, ತಪ್ಪಿಹೋದೀತೆಂಬ ಭಯ) ಎಂದು ಕರೆದರು. ಆಗ ಸ್ಮಾರ್ಟ್‌ಫೋನ್ ಜನರ ಕೈಗೆ ಬಂದಿರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಅಗ್ಗದ ಡೇಟಾ ತೋಟದ ಮನೆಯ ತನಕ ಬಂತು. ಅದರ ಹಿಂದೆಯೇ ಈ ಭಯವೂ ಬಂತು.

ಭಯಪಡಬೇಡಿ ಎಂದು ಉಪದೇಶ ಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ. ಈ ಭಯದಲ್ಲಿ ಒಂದು ಪಾಲು ನ್ಯಾಯವಾದದ್ದು, ಉಳಿದದ್ದನ್ನು ಯಾರೋ ತಯಾರು ಮಾಡಿ ನಮ್ಮ ತಲೆಗೆ ಕಟ್ಟಿದ್ದಾರೆ. ಎರಡನ್ನೂ ಬೇರೆ ಮಾಡುವುದನ್ನು ಕಲಿತರೆ ಅರ್ಧ ಕೆಲಸ ಆದಂತೆ.

1. ನಿಜಕ್ಕೂ ತಪ್ಪಿಹೋಗುವಂಥದ್ದನ್ನು ಗೋಡೆ ಕ್ಯಾಲೆಂಡರಿನಲ್ಲಿ ಬರೆಯಿರಿ

2024ರ ಆರಂಭದಲ್ಲಿ ನಾಫೆಡ್‌ನ ಬೆಂಬಲ ಬೆಲೆ ಖರೀದಿಗೆ ಕೊಬ್ಬರಿ ಬೆಳೆಗಾರರ ನೋಂದಣಿ ನಡೆದದ್ದು ನೆನಪಿರಬಹುದು. ಮೊದಲ ಸುತ್ತಿನಲ್ಲಿ ಅಕ್ರಮದ ದೂರುಗಳು ಬಂದು ನೋಂದಣಿ ರದ್ದಾಯಿತು. ಮಾರ್ಚ್‌ನಲ್ಲಿ ಮತ್ತೆ ಶುರುವಾದಾಗ ರೈತರು ರಾತ್ರಿಯೇ ಬಂದು ಕೇಂದ್ರಗಳ ಮುಂದೆ ಸಾಲು ಹಿಡಿದರು. ಖರೀದಿಗೆ ಮಿತಿ ಇತ್ತು. ಆ ದಿನ ತಪ್ಪಿಸಿಕೊಂಡವನಿಗೆ ನಿಜಕ್ಕೂ ನಷ್ಟ. ಅಲ್ಲಿ ಭಯ ಇರಲೇಬೇಕು, ಆ ಭಯವೇ ಮನುಷ್ಯನನ್ನು ಎಬ್ಬಿಸಿ ಕರೆದುಕೊಂಡು ಹೋಗುತ್ತದೆ.

ಇಂಥವು ವರ್ಷಕ್ಕೆ ಎಷ್ಟು ಬರುತ್ತವೆ? ಬೆಳೆ ವಿಮೆಯ ಕೊನೆಯ ದಿನ, ಸಂಘದ ಸಾಲದ ಕಂತು, ಪರೀಕ್ಷೆಯ ಫೀಸು, ವಿದ್ಯಾರ್ಥಿವೇತನದ ಅರ್ಜಿ, ಸರ್ಕಾರಿ ಹುದ್ದೆಯ ಅಧಿಸೂಚನೆ, ಹತ್ತಿರದವರ ಮದುವೆ, ಊರ ದೇವರ ಜಾತ್ರೆ. ಕೂತು ಬರೆದರೆ ಒಂದು ಕ್ಯಾಲೆಂಡರಿನ ಚೌಕಗಳಲ್ಲಿ ಆರಾಮವಾಗಿ ಹಿಡಿಯುತ್ತವೆ. ಅಡುಗೆಮನೆ ಬಾಗಿಲ ಪಕ್ಕ ನೇತುಹಾಕಿದ ಆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿಡಿ. ಪಕ್ಕದಲ್ಲೇ ಪಹಣಿ, ಆಧಾರ್, ಫ್ರೂಟ್ಸ್ ಐಡಿಯ ಜೆರಾಕ್ಸ್ ಇರುವ ಒಂದು ಕವರು. ಇಷ್ಟಿದ್ದರೆ ‘ಏನೋ ತಪ್ಪಿಹೋಗುತ್ತಿದೆ’ ಎಂದು ದಿನಕ್ಕೆ ಐವತ್ತು ಸಲ ಫೋನ್ ಎತ್ತುವ ಕಾರಣವೇ ಇರುವುದಿಲ್ಲ.

ಇನ್ನು ಸ್ಟೇಟಸ್ಸಿನ ವಿಷಯ. ಇನ್‌ಸ್ಟಾಗ್ರಾಂ 2016ರಲ್ಲಿ, ವಾಟ್ಸಾಪ್ 2017ರಲ್ಲಿ, 24 ಗಂಟೆಗೆ ಮಾಯವಾಗುವ ಚಿತ್ರಗಳನ್ನು ತಂದವು. ಯಾಕೆ ಮಾಯವಾಗಬೇಕು? ನಾಳೆಯೂ ಇರುತ್ತದೆ ಎಂದರೆ ನಾಳೆ ನೋಡಿದರಾಯಿತು ಅನ್ನಿಸುತ್ತದೆ. ಇವತ್ತೇ ಹೋಗುತ್ತದೆ ಎಂದರೆ ಇವತ್ತೇ ಬರುತ್ತೇವೆ. ವಿಮೆಯ ಕೊನೆಯ ದಿನ ಮೀರಿದರೆ ದುಡ್ಡು ಹೋಗುತ್ತದೆ. ಈ ಕೊನೆಯ ದಿನ ಮೀರಿದರೆ ಹೋಗುವುದು ಏನೂ ಇಲ್ಲ.

2. ರೇಟು ನೋಡುವುದು ಹರಾಜಿನ ದಿನ ಮಾತ್ರ

ಬಲಿತ ಕಾಯಿ ಅಟ್ಟ ಸೇರಿದ ಮೇಲೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಸದ್ದು ಬರುವ ಹೊತ್ತಿಗೆ ಹತ್ತು ಹನ್ನೊಂದು ತಿಂಗಳು, ಒಮ್ಮೊಮ್ಮೆ ವರ್ಷವೇ ಆಗುತ್ತದೆ. ಆಮೇಲೆ ಸುಲಿಸಬೇಕು, ಚಿಪ್ಪು ಒಡೆಸಬೇಕು, ಚೀಲ ತುಂಬಬೇಕು, ಗಾಡಿ ಹೇಳಬೇಕು. ಸಣ್ಣ ಬೆಳೆಗಾರ ವರ್ಷದಲ್ಲಿ ಮಾರುಕಟ್ಟೆಗೆ ಚೀಲ ಒಯ್ಯುವುದು ಕೈಬೆರಳಲ್ಲಿ ಎಣಿಸುವಷ್ಟು ಸಲ. ರೇಟು ಅವನಿಗೆ ಕೆಲಸಕ್ಕೆ ಬರುವುದು ಆ ದಿನಗಳ ಹಿಂದೆಮುಂದೆ. ಉಳಿದ ದಿನ ಬೆಳಗಾಗೆದ್ದು ರೇಟು ನೋಡಿದರೆ ಅಟ್ಟದ ಕಾಯಿ ಬೇಗ ಒಣಗುವುದೂ ಇಲ್ಲ, ನಿಧಾನವಾಗುವುದೂ ಇಲ್ಲ. ಹಾಳಾಗುವುದು ನಮ್ಮ ಬೆಳಗು.

ಗ್ರೂಪಿಗೆ ಯಾವ ಚೀಟಿ ಬರುತ್ತದೆ ಎಂಬುದನ್ನೂ ಗಮನಿಸಿ. ಆ ದಿನದ ಅತಿ ಹೆಚ್ಚಿನ ಬಿಡ್ಡಿನ ಚೀಟಿ ಬರುತ್ತದೆ. ಕಡಿಮೆಗೆ ಹೋದ ಲಾಟು ಯಾರದೆಂದು ಯಾರೂ ಹಾಕುವುದಿಲ್ಲ. ಹಾಗಾಗಿ ನೂರಾರು ಜನ ತಮ್ಮ ಕೊಬ್ಬರಿಯ ಬೆಲೆಯನ್ನು ಆ ಒಂದೇ ಒಂದು ಲಾಟಿನ ಜೊತೆ ತೂಗಿ, ಮೋಸ ಹೋದೆ ಅಂದುಕೊಳ್ಳುತ್ತಾರೆ. ರೇಟು ಬೇಕಾದ ದಿನ ಗರಿಷ್ಠದ ಜೊತೆ ಕನಿಷ್ಠ ಮತ್ತು ಮಾದರಿ ಬೆಲೆಯನ್ನೂ ನೋಡಿ. ಎಪಿಎಂಸಿ ಮೂರನ್ನೂ ಪ್ರಕಟಿಸುತ್ತದೆ. ಹೆಚ್ಚಿನ ಲಾಟು ಮಾರಾಟವಾದ ಆ ಮಾದರಿ ಬೆಲೆಯೇ ನಮ್ಮ ನಿಮ್ಮಂಥವರ ಬೆಲೆ.

ಇನ್ನೊಂದು ಅಭ್ಯಾಸವನ್ನು ನಾನು ಕೈಮುಗಿದು ಶಿಫಾರಸು ಮಾಡುತ್ತೇನೆ. ಮಾರಿದ ದಿನ, ಮಂಡಿಯವರು ಕೊಟ್ಟ ಚೀಟಿಯ ಹಿಂದೆ ಮಾರಿದ ಕಾರಣ ಬರೆದಿಡಿ. ‘ಮಗಳ ಕಾಲೇಜು ಫೀಸು.’ ‘ಬೋರ್‌ವೆಲ್ ಮೋಟರ್ ಸುಟ್ಟಿತ್ತು.’ ‘ಅಟ್ಟದಲ್ಲಿ ಜಾಗ ಇರಲಿಲ್ಲ, ಹೊಸ ಕಾಯಿ ಬರುವುದಿತ್ತು.’ ಆರು ತಿಂಗಳ ಮೇಲೆ ರೇಟು ಏರಿ ಹೊಟ್ಟೆ ಉರಿದಾಗ ಆ ಚೀಟಿ ತೆಗೆದು ಓದಿ. ಅವತ್ತಿನ ನಿಮಗೆ ಇವತ್ತಿನ ರೇಟು ಗೊತ್ತಿರಲಿಲ್ಲ. ಗೊತ್ತಿದ್ದುದು ಫೀಸು ಕಟ್ಟುವ ಕೊನೆಯ ದಿನ. ಆ ಹುಡುಗಿ ಕಾಲೇಜಿಗೆ ಹೋಗುತ್ತಿದ್ದಾಳೆ ಎಂದರೆ ಆ ಮಾರಾಟದ ಲಾಭ ಆಗಲೇ ಕೈಗೆ ಬಂದಿದೆ.

3. ನಿಮ್ಮ ಫೋನಿನಲ್ಲಿ ಕಾಣುವುದು ಊರಲ್ಲ

ಸಮಾಜವಿಜ್ಞಾನಿ ಸ್ಕಾಟ್ ಫೆಲ್ಡ್ 1991ರಲ್ಲಿ ಒಂದು ವಿಚಿತ್ರ ಲೆಕ್ಕ ತೋರಿಸಿದರು: ಹೆಚ್ಚಿನವರ ಸ್ನೇಹಿತರಿಗೆ ಅವರಿಗಿಂತ ಹೆಚ್ಚು ಸ್ನೇಹಿತರು ಇರುತ್ತಾರೆ. ಕಾರಣ ಸರಳ. ಐದು ಸಾವಿರ ಫಾಲೋವರ್‌ಗಳಿರುವ ಹುಡುಗ ಐದು ಸಾವಿರ ಫೋನುಗಳಲ್ಲಿ ಕಾಣಿಸಿಕೊಳ್ಳುತ್ತಾನೆ, ಇಪ್ಪತ್ತು ಮಂದಿ ಇರುವವನು ಇಪ್ಪತ್ತರಲ್ಲೇ. ಹಾಗಾಗಿ ಯಾರ ಫೋನ್ ತೆಗೆದರೂ ಮೊದಲನೆಯವನೇ ಸಿಗುತ್ತಾನೆ. ಎಲ್ಲರೂ ನನಗಿಂತ ಬೇಕಾದವರು ಅನ್ನಿಸುವುದು ನಿಮ್ಮ ಕೊರತೆಯಿಂದಲ್ಲ, ಲೆಕ್ಕವೇ ಹಾಗಿದೆ.

ಸುಖದ ವಿಷಯದಲ್ಲೂ ಇದೇ. ಹೊಸ ಕಾರಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ ಫೋಟೋ ಬರುತ್ತದೆ, ಸಾಲದ ಕಂತಿನ ಮೆಸೇಜು ಬರುವುದಿಲ್ಲ. ಕಲ್ಯಾಣಮಂಟಪದ ಡ್ರೋನ್ ವಿಡಿಯೋ ಬರುತ್ತದೆ, ಅದಕ್ಕಾಗಿ ಅಡವಿಟ್ಟ ಒಡವೆ ಬರುವುದಿಲ್ಲ.

4. ಇಲ್ಲಿರುವವರು ಅಲ್ಲಿಯದನ್ನು, ಅಲ್ಲಿರುವವರು ಇಲ್ಲಿಯದನ್ನು ನೋಡುತ್ತಿದ್ದಾರೆ

ಇದು ಸೂತ್ರಕ್ಕಿಂತ ಹೆಚ್ಚಾಗಿ ತಿಳಿದಿರಬೇಕಾದ ಸಂಗತಿ. ಬೆಂಗಳೂರು–ಅರಸೀಕೆರೆ ರೈಲು ದಾರಿಯಲ್ಲಿ ಗುಬ್ಬಿಗೂ ತಿಪಟೂರಿಗೂ ನಡುವೆ ಅಮ್ಮಸಂದ್ರ ನಿಲ್ದಾಣ. ಸಿಮೆಂಟ್ ಕಾರ್ಖಾನೆ, ಅದರ ಆದಿತ್ಯಪಟ್ಣ ಕಾಲೋನಿ ಇದ್ದುದರಿಂದ ಇಲ್ಲಿ ಸಂಬಳದವರ ಮಕ್ಕಳೂ ತೋಟದವರ ಮಕ್ಕಳೂ ಒಟ್ಟಿಗೆ ಓದಿದರು. ಓದಿದವರಲ್ಲಿ ಬಹಳ ಮಂದಿ ಇದೇ ಹಳಿ ಹಿಡಿದು ಬೆಂಗಳೂರಿಗೆ ಹೋದರು, ಕೆಲವರು ತೋಟ ನೋಡಿಕೊಳ್ಳಲು ಉಳಿದರು.

ಉಳಿದವನು ರಾತ್ರಿ ಮಲಗುವ ಮುಂಚೆ ಗೆಳೆಯನ ಸ್ಟೇಟಸ್ ನೋಡುತ್ತಾನೆ: ಗಾಜಿನ ಕಟ್ಟಡದ ಆಫೀಸು, ಕೊರಳಲ್ಲಿ ಐಡಿ ಕಾರ್ಡು, ಶನಿವಾರದ ಮಾಲು. ‘ನಾನು ಇಲ್ಲೇ ಕೊಳೆತೆ’ ಅಂದುಕೊಳ್ಳುತ್ತಾನೆ. ಅದೇ ಹೊತ್ತಿಗೆ ಪೀಣ್ಯದ ಆಚೆ ಒಂದು ಬಾಡಿಗೆ ರೂಮಿನಲ್ಲಿ, ನೀರಿನ ಟ್ಯಾಂಕರ್ ಬರಲಿಲ್ಲ ಎಂಬ ಚಿಂತೆಯಲ್ಲಿರುವ ಆ ಗೆಳೆಯ ಇವನ ಸ್ಟೇಟಸ್ ನೋಡುತ್ತಿರುತ್ತಾನೆ: ತೆಂಗಿನ ಸಾಲಿನ ನಡುವೆ ಹರಿಯುವ ನೀರು, ಕರು ಹಾಕಿದ ಹಸು, ತಿಪಟೂರಿನ ಗಣಪತಿ ಉತ್ಸವದ ದೀಪ. ‘ಊರು ಬಿಟ್ಟು ಕೆಟ್ಟೆ’ ಅಂದುಕೊಳ್ಳುತ್ತಾನೆ. ಕಪ್ಪುತಲೆ ಹುಳು ತಿಂದು ಸುಟ್ಟಂತಾದ ಗರಿಯನ್ನು ಇವನು ಫೋಟೋ ತೆಗೆದು ಹಾಕಿಲ್ಲ. ಕಾಯಿ ಕೀಳುವವರು ಸಿಗದೆ ಒದ್ದಾಡಿದ್ದನ್ನೂ ಹಾಕಿಲ್ಲ.

ಇಬ್ಬರೂ ಪರಸ್ಪರ ‘ಸೂಪರ್ ಮಗಾ’ ಎಂದು ಬೆಂಕಿಯ ಚಿಹ್ನೆ ಕಳಿಸಿ ಮಲಗುತ್ತಾರೆ. ಒಂದು ಫೋನ್ ಮಾಡಿ ‘ಏನ್ಲಾ, ಹೆಂಗಿದೀಯ ನಿಜ ಹೇಳು’ ಎಂದರೆ ಹತ್ತು ನಿಮಿಷದಲ್ಲಿ ಇಬ್ಬರ ಎದೆಯೂ ಹಗುರಾಗುತ್ತದೆ. ಯಾರ ಸ್ಟೇಟಸ್ ನೋಡಿ ಹೊಟ್ಟೆಯೊಳಗೆ ಏನೋ ಚುರ್ ಅಂದಿತೋ ಅವರಿಗೇ ಆ ವಾರ ಫೋನ್ ಮಾಡಿ. ಚಿತ್ರ ನೋಡಿದಾಗ ಹುಟ್ಟಿದ ಅಸೂಯೆ ಧ್ವನಿ ಕೇಳಿದ ಮೇಲೆ ಉಳಿಯುವುದು ಕಷ್ಟ.

5. ಮೊದಲು ಅಳೆಯಿರಿ, ಆಮೇಲೆ ಕಡಿಮೆ ಮಾಡಿ

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 143 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ಒಂದು ಗುಂಪು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್ ತಲಾ ದಿನಕ್ಕೆ ಹತ್ತೇ ನಿಮಿಷ ಬಳಸಬೇಕಿತ್ತು. ಇನ್ನೊಂದು ಗುಂಪು ಎಂದಿನಂತೆ. ಮೂರು ವಾರದ ಕೊನೆಗೆ ಮೊದಲ ಗುಂಪಿನ ಒಂಟಿತನ, ಖಿನ್ನತೆ ಕಡಿಮೆಯಾಗಿತ್ತು. ನನಗೆ ಹೆಚ್ಚು ಮುಖ್ಯವೆನಿಸುವುದು ಇನ್ನೊಂದು ಫಲಿತಾಂಶ: ತಪ್ಪಿಹೋಗುವ ಭಯ ಮತ್ತು ಆತಂಕ ಎರಡೂ ಗುಂಪಿನಲ್ಲಿ ಇಳಿದಿತ್ತು. ಎಷ್ಟು ಹೊತ್ತು ನೋಡುತ್ತಿದ್ದೇನೆ ಎಂದು ಗಮನವಿಟ್ಟದ್ದೇ ಅದಕ್ಕೆ ಕಾರಣವಿರಬಹುದು ಎಂದರು ಸಂಶೋಧಕರು.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’ ಎಂಬಲ್ಲಿ ಯಾವ ಆ್ಯಪಿಗೆ ಎಷ್ಟು ಹೊತ್ತು ಹೋಯಿತು ಎಂಬ ಲೆಕ್ಕ ಇರುತ್ತದೆ. ಒಂದು ವಾರ ಏನನ್ನೂ ಬಿಡಬೇಡಿ, ರಾತ್ರಿ ಆ ಅಂಕಿ ಮಾತ್ರ ಒಂದು ಹಾಳೆಯಲ್ಲಿ ಬರೆಯಿರಿ. ಎರಡನೇ ವಾರ ಅಲ್ಲೇ ಟೈಮರ್ ಹಾಕಿ.

6. ಕೊನೆ ಇಲ್ಲದ ಪುಟಕ್ಕೆ ನೀವೇ ಕೊನೆ ಇಡಿ

ಬೆರಳು ಸರಿಸಿದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಎಜಾ ರಾಸ್ಕಿನ್ ಮುಂದೆ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಪತ್ರಿಕೆಗೆ ಕೊನೆಯ ಪುಟವಿದೆ, ರೀಲ್ಸಿಗೆ ಇಲ್ಲ. ಫೋನ್ ತೆರೆಯುವ ಮುಂಚೆ ಯಾಕೆ ತೆರೆಯುತ್ತಿದ್ದೇನೆಂದು ಬಾಯಿಬಿಟ್ಟು ಹೇಳಿಕೊಳ್ಳಿ: ‘ಅತ್ತಿಗೆಗೆ ಮೆಸೇಜು ಮಾಡಲು.’ ಮೆಸೇಜು ಹೋದ ಮೇಲೆ ಕೆಳಗಿಡಿ. ಕೈ ತಾನಾಗಿ ರೀಲ್ಸಿಗೆ ಹೋದರೆ ಹೇಳಿಕೊಂಡ ಮಾತು ಕಿವಿಯಲ್ಲೇ ಇರುತ್ತದೆ.

7. ಗ್ರೂಪು ಬಿಡಬೇಡಿ, ಬಾಯಿ ಮುಚ್ಚಿಸಿ

ನಮ್ಮ ಕಡೆ ನೆಂಟರ ಗ್ರೂಪು ಬಿಟ್ಟರೆ ಅದು ನೆಂಟಸ್ತನ ಬಿಟ್ಟಂತೆಯೇ. ‘ಯಾಕವ್ವ, ನಾವೇನಂದ್ವಿ ನಿಂಗೆ?’ ಎಂದು ದೊಡ್ಡಮ್ಮನ ಫೋನು ಬರುತ್ತದೆ. ಹಾಗಾಗಿ ಬಿಡುವುದು ಬೇಡ. ವಾಟ್ಸಾಪಿನಲ್ಲಿ ಯಾವುದೇ ಗ್ರೂಪನ್ನು ಶಾಶ್ವತವಾಗಿ ಮ್ಯೂಟ್ ಮಾಡುವ ಸೌಲಭ್ಯ 2020ರಿಂದ ಇದೆ. ಮಾಡಿದ್ದು ಯಾರಿಗೂ ತಿಳಿಯುವುದಿಲ್ಲ. ಆರ್ಕೈವ್ ಮಾಡಿದರೆ ಕಣ್ಣಿಗೂ ಬೀಳುವುದಿಲ್ಲ. ದಿನಕ್ಕೊಮ್ಮೆ, ಸಂಜೆ ಕಾಫಿ ಹೊತ್ತಿಗೆ ತೆರೆದು ಸಾವು–ನೋವು, ಹುಟ್ಟುಹಬ್ಬ ಏನಿದೆ ನೋಡಿ. ತುರ್ತು ಸುದ್ದಿಯಿದ್ದರೆ ಯಾರಾದರೂ ಫೋನ್ ಮಾಡಿಯೇ ಮಾಡುತ್ತಾರೆ.

ನೀಲಿ ಟಿಕ್ಕು, ‘ಲಾಸ್ಟ್ ಸೀನ್’ ಎರಡನ್ನೂ ಆರಿಸಿಬಿಡಿ. ‘ನೋಡಿಯೂ ಉತ್ತರ ಕೊಡಲಿಲ್ಲ’ ಎಂಬ ಮನಸ್ತಾಪಗಳಲ್ಲಿ ಅರ್ಧ ಅಲ್ಲೇ ನಿಲ್ಲುತ್ತವೆ.

8. ‘ಇವತ್ತೇ ಸೇರಿ, ನಾಳೆ ಸಿಗದು’ ಎಂದವನನ್ನು ನಂಬಬೇಡಿ

ಕೊಬ್ಬರಿ ದುಡ್ಡು ಖಾತೆಗೆ ಬಂದ ಹೊತ್ತಿನಲ್ಲಿ ಟೆಲಿಗ್ರಾಂ, ವಾಟ್ಸಾಪಿನಲ್ಲಿ ಷೇರು ಟ್ರೇಡಿಂಗಿನ ಗ್ರೂಪಿಗೆ ಯಾರೋ ಸೇರಿಸುತ್ತಾರೆ. ಒಳಗೆ ಹತ್ತಾರು ಜನ ‘ಇವತ್ತು ನಲವತ್ತು ಸಾವಿರ ಲಾಭ’ ಎಂದು ಸ್ಕ್ರೀನ್‌ಶಾಟ್ ಹಾಕುತ್ತಿರುತ್ತಾರೆ. ಅವರಲ್ಲಿ ಬಹುಪಾಲು ಒಂದೇ ತಂಡದವರು. ಮೊದಲು ಸಣ್ಣ ಮೊತ್ತ ಹಾಕಿಸಿ, ಲಾಭ ಎಂದು ಸ್ವಲ್ಪ ಹಿಂದಿರುಗಿಸಿ, ನಂಬಿಕೆ ಬಂದ ಮೇಲೆ ದೊಡ್ಡದನ್ನು ನುಂಗುತ್ತಾರೆ. ಓದು ಬಾರದವರಷ್ಟೇ ಬೀಳುತ್ತಾರೆ ಎಂಬುದು ಸುಳ್ಳು. ಬೀಳಿಸುವುದು ಅಜ್ಞಾನವಲ್ಲ, ಹಿಂದುಳಿದೆನೆಂಬ ಅವಸರ. ದುಡ್ಡಿನ ಯಾವ ನಿರ್ಧಾರಕ್ಕೂ ಎರಡು ರಾತ್ರಿ ಕೊಡಿ, ಮನೆಯ ಇನ್ನೊಬ್ಬರಿಗೆ ಹೇಳಿ. ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆಪಡದೆ ತಕ್ಷಣ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಎಷ್ಟು ಬೇಗ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

9. ಮಕ್ಕಳ ಅಂಕವನ್ನು ಸ್ಟೇಟಸ್ಸಿಗೆ ಹಾಕಬೇಡಿ

ತಂದೆತಾಯಂದಿರಲ್ಲಿ ಇದು ನನ್ನ ವಿನಂತಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ 625ಕ್ಕೆ ಆರುನೂರ ಚಿಲ್ಲರೆ ಬಂದ ಮಗುವಿನ ಫೋಟೋ ಊರೆಲ್ಲ ಓಡಾಡುತ್ತದೆ. ನಿಮ್ಮ ಸಂತೋಷ ನ್ಯಾಯವಾದದ್ದೇ. ಆದರೆ ಅದೇ ಬೀದಿಯಲ್ಲಿ ಮುನ್ನೂರು ಬಂದ ಮಗು, ಗಣಿತದಲ್ಲಿ ಫೇಲಾದ ಮಗು ಆ ದಿನ ಸಂಜೆಯೊಳಗೆ ಅಂಥ ಎಷ್ಟು ಫೋಟೋ ನೋಡುತ್ತದೆ ಎಂದು ಲೆಕ್ಕ ಹಾಕಿ. ಅದರ ಅಮ್ಮನೂ ನೋಡುತ್ತಾಳೆ, ನೋಡಿ ಏನೋ ಅಂದುಬಿಡುತ್ತಾಳೆ. ಸಿಹಿ ಹಂಚಿ, ಅಜ್ಜಿಗೆ ಫೋನ್ ಮಾಡಿ ಹೇಳಿ, ಪಾಠ ಕಲಿಸಿದ ಮೇಷ್ಟ್ರ ಮನೆಗೆ ಮಗುವನ್ನು ಕರೆದುಕೊಂಡು ಹೋಗಿ. ಸ್ಟೇಟಸ್ ಒಂದು ಬಿಡಿ.

ಫೇಲಾದ ಮಗುವಿಗೆ ಹೇಳಬೇಕಾದ ಮಾತು ಬೇರೆ. 2024ರಿಂದ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ಬಂದಿವೆ. ‘ಇನ್ನೊಂದು ಸಲ ಇದೆ ಮಗ, ಊಟ ಮಾಡು ಬಾ’ ಎನ್ನಿ. ಆ ದಿನ ಅದರ ಫೋನು ನಿಮ್ಮ ಹತ್ತಿರ ಇರಲಿ. ಕಿತ್ತುಕೊಂಡಲ್ಲ, ಕೇಳಿ ಇಸಕೊಂಡು. ಒಂಟಿಯಾಗಿ ಮಲಗಲು ಬಿಡಬೇಡಿ.

10. ಹಾಸಿಗೆಗೆ ಫೋನ್ ಬೇಡ. ನಿದ್ದೆಯೇ ಹೋದರೆ ಸಹಾಯ ಕೇಳಿ

ಅಮೆರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿಯವರ ಹಿರಿಯರ ಊರು ಮಂಡ್ಯ ಜಿಲ್ಲೆಯ ಹಲ್ಲೆಗೆರೆ. 2023ರ ಮೇ ತಿಂಗಳಲ್ಲಿ ಅವರು ಎಳೆಯರ ಮನಸ್ಸಿನ ಮೇಲೆ ಸಾಮಾಜಿಕ ಜಾಲತಾಣದ ಪರಿಣಾಮ ಕುರಿತು ಇಡೀ ದೇಶಕ್ಕೆ ಎಚ್ಚರಿಕೆಯ ಸಲಹೆ ಹೊರಡಿಸಿದರು. ಮನೆಯಲ್ಲಿ ಫೋನಿಲ್ಲದ ಹೊತ್ತು, ಫೋನಿಲ್ಲದ ಜಾಗ ಇರಲಿ ಎಂಬುದು ಅದರಲ್ಲಿ ಪೋಷಕರಿಗೆ ಕೊಟ್ಟ ಸಲಹೆಗಳಲ್ಲೊಂದು. ಹಾಸಿಗೆ ಅಂಥ ಮೊದಲ ಜಾಗವಾಗಲಿ. ಬೆಳಗಿನ ರೈಲಿಗೆ ಏಳಬೇಕು, ಅಲಾರಂ ಬೇಕು ಎನ್ನುವವರು ಒಂದು ಅಲಾರಂ ಗಡಿಯಾರ ಕೊಳ್ಳಿ. ಚಾರ್ಜರನ್ನು ಹಜಾರಕ್ಕೆ ಸಾಗಿಸಿ. ಅಪ್ಪ ಅಮ್ಮನ ಫೋನೂ ಅಲ್ಲೇ ಇರಬೇಕು. ಮಕ್ಕಳಿಗೆ ಮಾತ್ರ ನಿಯಮ ಹಾಕಿದರೆ ನಡೆಯುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಕೆಲವರಿಗೆ ಇದು ಕೈಮೀರುತ್ತದೆ. ಫೋನ್ ಇಲ್ಲದಿದ್ದರೆ ಕೈ ನಡುಗುವುದು, ಊಟ ಬಿಡುವುದು, ವಾರಗಟ್ಟಲೆ ನಿದ್ದೆ ಬಾರದಿರುವುದು, ಯಾರ ಮುಖವೂ ಬೇಡ ಅನ್ನಿಸುವುದು, ಬದುಕಿ ಏನು ಪ್ರಯೋಜನ ಎಂಬ ಮಾತು ಬಾಯಿಗೆ ಬರುವುದು. ಇದನ್ನು ಸೋಮಾರಿತನ, ಕೊಬ್ಬು ಎಂದು ಬಯ್ಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ‘ಶಟ್’ ಎಂಬ ಕ್ಲಿನಿಕ್ 2014ರಿಂದ ನಡೆಯುತ್ತಿದೆ. ಅಷ್ಟು ದೂರ ಹೋಗಲಾಗದವರಿಗೆ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ–ಮಾನಸ್ ಇದೆ. ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕರೆ ಮಾಡಲು ಹಿಂಜರಿಯುವ ಮಗನೋ ತಮ್ಮನೋ ಇದ್ದರೆ ನೀವೇ ಸಂಖ್ಯೆ ಒತ್ತಿ ಫೋನ್ ಅವನ ಕೈಗೆ ಕೊಟ್ಟು, ಮಾತು ಮುಗಿಯುವ ತನಕ ಜಗುಲಿಯಲ್ಲಿ ಕೂತಿರಿ.